ಬೆಟ್ಟದ ಜಿಲ್ಲೆಯ ಒಂದು ಮತ

ಮಾರ್ಚ್ ೧೧

ನನ್ನ ಪ್ರೀತಿಯ ಗುಬ್ಬಿ,

ಬೈಯುವುದಿದ್ದರೆ ಮೊದಲು ಬೈದು ಮುಗಿಸಿಬಿಡು, ಆಮೇಲೆ ಓದು. ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆಯದೆ ಚಳಿಗಾಲವನ್ನೇ ಕಳೆದುಬಿಟ್ಟೆ. ವಾರ್ಡಿನಲ್ಲಿ ಇಬ್ಬರು ನರ್ಸುಗಳು ಕೆಲಸ ಬಿಟ್ಟರು, ಅವರ ಪಾಳಿಯೂ ನನ್ನ ತಲೆಗೇ ಬಂತು. ನೀನು ಕುರಿ ಡಾಕ್ಟರು ಎನ್ನುತ್ತಿದ್ದ ನನ್ನ ಯಜಮಾನರಂತೂ ಮನೆಯಲ್ಲಿ ಸಿಗುವುದೇ ಇಲ್ಲ. ಇದು ಕುರಿಗಳು ಮರಿ ಹಾಕುವ ಕಾಲ. ಬಾಗಿಲು ತೆರೆದರೆ ಮೊದಲು ವಾಸನೆ ಒಳಗೆ ಬರುತ್ತದೆ, ಮನುಷ್ಯ ಆಮೇಲೆ. ನರ್ಸಿಂಗ್ ಶಾಲೆಯಲ್ಲಿ ನೀನು ಹೇಳಿದ್ದು ನೆನಪಿದೆಯೇ? "ಅವನನ್ನ ಮದುವೆಯಾದ್ರೆ ಜನ್ಮಪೂರ್ತಿ ಮೂಗು ಮುಚ್ಕೊಂಡಿರಬೇಕು ಕಣೇ ಮೊಂಡಿ" ಎಂದಿದ್ದೆ. ಮೂವತ್ತು ವರ್ಷದಿಂದ ಮುಚ್ಚಿಕೊಂಡೇ ಇದ್ದೇನೆ.

ಈಗ ಸುದ್ದಿ ಕೇಳು. ಇವರು ದೊಡ್ಡ ಮನುಷ್ಯರಾಗಿದ್ದಾರೆ. ಮುಂದಿನ ತಿಂಗಳ ಚುನಾವಣೆಗೆ ನಮ್ಮ ಜಿಲ್ಲೆಯಿಂದ ಆಯ್ಕೆದಾರರಾಗಿ ನಿಂತಿದ್ದಾರೆ.

ಹಾಗೆಂದರೇನು ಎಂದು ನೀನು ಕೇಳುತ್ತೀಯ. ನೀನು ಇಲ್ಲಿದ್ದಾಗ ನಮಗಿಬ್ಬರಿಗೂ ಇದರ ಗೊಡವೆಯೇ ಇರಲಿಲ್ಲವಲ್ಲ. ಗಡಿಯಾಚೆ ನಿಮ್ಮ ಕಡೆ ಜನರೇ ನೇರವಾಗಿ ದೇಶದ ಅಧ್ಯಕ್ಷರನ್ನು ಆರಿಸುತ್ತೀರಿ ಎಂದು ಬರೆದಿದ್ದೆ. ಇಲ್ಲಿ ಹಾಗಲ್ಲ. ನಾವು ಓಟು ಹಾಕುವುದು ನಮ್ಮ ಜಿಲ್ಲೆಯ ಒಬ್ಬ ಆಯ್ಕೆದಾರನಿಗೆ. ಒಂದೊಂದು ಪಕ್ಷವೂ ಒಬ್ಬೊಬ್ಬನನ್ನು ನಿಲ್ಲಿಸುತ್ತದೆ. ಗೆದ್ದವನು ರಾಜಧಾನಿಗೆ ಹೋಗಿ, ಆಯ್ಕೆ ಮಂಡಳಿಯ ಸಭೆಯಲ್ಲಿ ಎದ್ದು ನಿಂತು, ತನ್ನ ಜಿಲ್ಲೆ ಕೇಳಿದ ಹೆಸರನ್ನು ಹೇಳುತ್ತಾನೆ. ಹೆಚ್ಚು ಆಯ್ಕೆದಾರರು ಯಾರ ಹೆಸರು ಹೇಳುತ್ತಾರೋ ಅವರೇ ಅಧ್ಯಕ್ಷರು. ಜಿಲ್ಲೆಗೆ ಒಬ್ಬನೇ ಆಯ್ಕೆದಾರ. ಕಾಲಿಡಲು ಜಾಗವಿಲ್ಲದಷ್ಟು ಜನರಿರುವ ಬಂದರು ಪಟ್ಟಣಕ್ಕೂ ಒಬ್ಬ, ಜನರಿಗಿಂತ ಕುರಿಗಳೇ ಹೆಚ್ಚಿರುವ ನಮ್ಮ ಬೆಟ್ಟಕ್ಕೂ ಒಬ್ಬ.

ಇವರಿಗೆ ರಾಜಕೀಯದ ಗಂಧಗಾಳಿ ಇಲ್ಲ ಎಂಬುದು ನಿನಗೆ ಗೊತ್ತು. ಕಬ್ಬಿಣದ ಅಂಗಡಿಯವರು ಈಗಿನ ಅಧ್ಯಕ್ಷರ ಪಕ್ಷಕ್ಕೆ ಇಲ್ಲಿ ಮುಖಂಡರು. ಅವರು ಒಂದು ಸಂಜೆ ಬಂದು ಕೂತರು.

"ಡಾಕ್ಟ್ರೇ, ನಿಮ್ಮನ್ನ ಗೊತ್ತಿಲ್ಲದ ಕೊಟ್ಟಿಗೆ ಈ ಜಿಲ್ಲೇಲಿ ಇಲ್ಲ. ನಿಮ್ಮ ಹೆಸರು ಹಾಕ್ತೀವಿ. ನೀವೇನೂ ಮಾಡಬೇಕಾಗಿಲ್ಲ. ರಾಜಧಾನಿಗೆ ಹೋಗೋದು, ಅಧ್ಯಕ್ಷರ ಹೆಸರು ಹೇಳೋದು, ಊಟ ಮಾಡೋದು, ವಾಪಸ್ ಬರೋದು."

"ಊಟ ಚೆನ್ನಾಗಿರುತ್ತಾ?" ಎಂದು ಇವರು ಕೇಳಿದರು.

ನಗೆಯಲ್ಲೇ ಒಪ್ಪಿಕೊಂಡಂತೆ ಕಂಡರೂ ಇವರ ಮನಸ್ಸಿನಲ್ಲಿದ್ದದ್ದು ಸೇತುವೆ. ಆ ನದಿ ನಿನಗೆ ನೆನಪಿರಬೇಕು. ಹಗ್ಗ ಹಿಡಿದು ಎಳೆಯುವ ದೋಣಿ, ಆ ದಡದಲ್ಲಿ ಬೇನೆ ತಿನ್ನುವ ಹೆಂಗಸು, ಈ ದಡದಲ್ಲಿ ಕೈಗವಸು ಹಾಕಿಕೊಂಡು ಕಾಯುವ ನಾನು. ಎಷ್ಟು ಜನರನ್ನು ಹಾಗೆ ನೋಡುತ್ತ ನೋಡುತ್ತ ಕಳೆದುಕೊಂಡೆ! ಈ ಅಧ್ಯಕ್ಷರು ಬಂದು ಸೇತುವೆ ಕಟ್ಟಿಸಿದರು. ಬೇರೆ ಏನು ಮಾಡಿದರೋ, ಏನು ಬಿಟ್ಟರೋ, ಸೇತುವೆ ಮಾತ್ರ ಕಟ್ಟಿಸಿದರು.

ಮಗ ಕಳೆದ ವಾರ ಸೊಸೆಯನ್ನು ಪಟ್ಟಣದಲ್ಲೇ ಬಿಟ್ಟು ಒಬ್ಬನೇ ಎರಡು ದಿನಕ್ಕೆಂದು ಬಂದಿದ್ದ. ಬಂದರಿನ ಕಚೇರಿಯಲ್ಲಿ ರೇಡಿಯೋ ಮುಂದೆ ಕೂತು ಹಡಗುಗಳಿಗೆ ದಾರಿ ಹೇಳುವ ಅದೇ ಸರ್ಕಾರಿ ಕೆಲಸದಲ್ಲಿದ್ದಾನೆ. ವಿಷಯ ಕೇಳಿದ್ದೇ ಊಟದ ಮೇಜಿನಲ್ಲಿ ಅಪ್ಪನ ಜೊತೆ ಜಟಾಪಟಿಗಿಳಿದ.

"ಅಪ್ಪಾ, ನಮ್ಮ ಒಂದು ಬಡಾವಣೇಲಿ ನಿಮ್ಮ ಇಡೀ ಜಿಲ್ಲೆಗಿಂತ ಹೆಚ್ಚು ಜನ ಇದಾರೆ. ನಿಮಗೂ ಒಬ್ಬ ಆಯ್ಕೆದಾರ, ನಮ್ಮ ಇಡೀ ಪಟ್ಟಣಕ್ಕೂ ಒಬ್ಬ. ಇದು ಯಾವ ಸೀಮೆ ನ್ಯಾಯ? ತಲೆಗೊಂದು ಓಟು, ಹೆಚ್ಚು ಓಟು ಬಿದ್ದೋರು ಗೆದ್ರು. ಅಷ್ಟು ಸುಲಭದ ಲೆಕ್ಕ."

"ಲೆಕ್ಕ ಸುಲಭವೇ ಕಣೋ. ಆದ್ರೆ ತಲೆ ಎಣಿಸೋದೇ ಆದ್ರೆ ಅಧ್ಯಕ್ಷ ಆಗೋನು ಬಂದರು ಬಿಟ್ಟು ಈಚೆ ಯಾಕೆ ಬರ್ತಾನೆ? ಸೇತುವೆ ಹೇಗೆ ಬಂತು ಅಂದ್ಕೊಂಡೆ? ನಮ್ಮ ಮೇಲೆ ಪ್ರೀತಿ ಉಕ್ಕಿ ಬಂದಿತ್ತಾ? ನಮ್ಮ ಒಂದು ಮತ ಬೇಕಿತ್ತು, ಬಂತು."

"ಹಾಗಾದ್ರೆ ನಮ್ಮ ಪಟ್ಟಣದೋರು ಅರ್ಧ ಮನುಷ್ಯರಾ?"

"ಅರ್ಧ ಅಲ್ಲ, ಸ್ವಲ್ಪ ಜಾಸ್ತಿ ಇದೀರಿ, ಅಷ್ಟೇ."

ಮಗ ನಕ್ಕುಬಿಟ್ಟ. ನಾನು ನಡುವೆ ಬಾಯಿ ಹಾಕಿ, "ತಲೆ ಎಣಿಸಿದ್ರೆ ಒಬ್ಬರು, ಆಯ್ಕೆದಾರರನ್ನ ಎಣಿಸಿದ್ರೆ ಇನ್ನೊಬ್ಬರು ಅಂತ ಬಂದ್ರೆ ಏನ್ ಮಾಡ್ತೀರಿ?" ಎಂದೆ. "ಹಾಗೆ ಯಾವತ್ತೂ ಆಗಿಲ್ಲ" ಎಂದರು ಇವರು. "ಆದ್ರೆ?" ಎಂದೆ. "ಆದಾಗ ನೋಡೋಣ, ಈಗ ಆ ಪಾತ್ರೆ ಈ ಕಡೆ ತಳ್ಳು" ಎಂದರು. ಊಟವಾದ ಮೇಲೆ ಅಪ್ಪ ತಟ್ಟೆ ತೊಳೆದರು, ಮಗ ಒರೆಸಿದ. ಇಬ್ಬರೂ ಅಡುಗೆಮನೆಯಲ್ಲಿ ಅದೇ ವಾದವನ್ನು ಮತ್ತೆ ಮೊದಲಿನಿಂದ ಶುರು ಮಾಡಿದ್ದು ಕೇಳುತ್ತಿತ್ತು. ಮನೆ ತುಂಬಿದಂತಿತ್ತು ಗುಬ್ಬಿ.

ನಿನ್ನ ಮಂಡಿನೋವಿಗೆ ಬಿಸಿನೀರಿನ ಶಾಖ ಬಿಡಬೇಡ. ಮಕ್ಕಳಿಗೆ ನನ್ನ ಆಶೀರ್ವಾದ, ನಿನ್ನ ಯಜಮಾನರಿಗೆ ನಮಸ್ಕಾರ.

ನಿನ್ನ
ಮೊಂಡಿ

ತಾ.ಕ. ಇವರು ಗೆದ್ದರೆ ರಾಜಧಾನಿಗೆ ನಾನೂ ಹೋಗುತ್ತೇನೆ. ಇವರ ಕೋಟಿನ ತೋಳಿನ ಮೇಲಿರುವ ಅಯೋಡಿನ್ ಕಲೆ ಏನು ಮಾಡಿದರೂ ಹೋಗುತ್ತಿಲ್ಲ. ಉಪಾಯವಿದ್ದರೆ ಬರಿ.


ನವೆಂಬರ್ ೨

ಗುಬ್ಬಿ,

ಈ ಸಲ ಕ್ಷಮೆ ಕೇಳುವ ಮುಖವೂ ನನಗಿಲ್ಲ. ನೀನು ಬರೆದದ್ದು ತಲುಪಿದೆ. ಲಕೋಟೆಗಳನ್ನು ಯಾರೋ ಬಿಚ್ಚಿ ಮತ್ತೆ ಅಂಟಿಸಿದ್ದರು, ಆದರೂ ತಲುಪಿದೆ. ಕೊನೆಯದರಲ್ಲಿ "ಬದುಕಿದ್ದೀಯೋ ಇಲ್ಲವೋ ಅಷ್ಟಾದರೂ ತಿಳಿಸು" ಎಂದು ಬರೆದಿದ್ದೆ. ಬದುಕಿದ್ದೇವೆ. ಅಂಚೆಯಲ್ಲಿ ಬರೆಯುವಂತಿರಲಿಲ್ಲ. ಈಗ ನಮ್ಮ ಆಸ್ಪತ್ರೆಯ ಒಬ್ಬ ಹುಡುಗಿ ಮದುವೆಯಾಗಿ ಗಡಿ ದಾಟಿ ಹೋಗುತ್ತಿದ್ದಾಳೆ, ಅವಳ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಅಲ್ಲಿಂದ ಅಂಚೆಗೆ ಹಾಕುತ್ತಾಳೆ.

ನಿಮ್ಮ ಪತ್ರಿಕೆಗಳಲ್ಲಿ "ಒಬ್ಬ ದನದ ಡಾಕ್ಟರ ಮತ" ಎಂದು ಬಂದಿತ್ತಂತೆ. ಇವರೇನಾ ಎಂದು ಕೇಳಿದ್ದೀಯ. ಹೌದು, ಇವರೇ.

ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಅಧ್ಯಕ್ಷರ ಪಕ್ಷ ಗೆದ್ದಿತು, ಇವರು ಆಯ್ಕೆದಾರರಾದರು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಆದರೆ ಇಡೀ ದೇಶದ ಓಟು ಕೂಡಿಸಿದಾಗ ಎದುರು ನಿಂತಿದ್ದ ವಕೀಲೆಗೆ ಲಕ್ಷಗಟ್ಟಲೆ ಹೆಚ್ಚು ಬಿದ್ದಿತ್ತು. ಅಷ್ಟು ಜನ ಆಕೆಯೇ ಬೇಕೆಂದರೂ ಆಯ್ಕೆದಾರರನ್ನು ಎಣಿಸಿದರೆ ಅಧ್ಯಕ್ಷರ ಕಡೆಗೆ ಒಬ್ಬ, ಒಬ್ಬನೇ ಒಬ್ಬ ಹೆಚ್ಚು. ನಾನು ಮೇಜಿನ ಮುಂದೆ ಕೇಳಿದ್ದು ನಿಜವಾಯಿತು. ಆ ಮಾತಿಗೆ ನನ್ನ ನಾಲಿಗೆ ಸುಡಬೇಕಿತ್ತು.

ಆಯ್ಕೆ ಮಂಡಳಿ ಸೇರಲು ಇನ್ನೂ ಮೂರು ವಾರವಿತ್ತು. ಬಂದರು ಪಟ್ಟಣದಲ್ಲಿ ಜನ ಬೀದಿಗಿಳಿದರು. "ತಲೆ ಎಣಿಸಿ" ಎಂದು ಕೂಗುತ್ತಿದ್ದರಂತೆ, ಬೇರೆ ಮಾತಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ, ಅಂಗಡಿಗಳು ತೆರೆದಿರುವಾಗಲೇ, ಗುಂಡು ಹಾರಿತು. ಸತ್ತವರು ಎಷ್ಟು ಎಂದು ಸರ್ಕಾರ ಇವತ್ತಿಗೂ ಹೇಳಿಲ್ಲ.

ಮಗ ವಾರ್ಡಿನ ಫೋನಿಗೆ ಕರೆ ಮಾಡಿದ. ಅವನ ದನಿ ಕೇಳಿ ನನಗೆ ಗುರುತು ಹತ್ತಲಿಲ್ಲ. "ಅಮ್ಮಾ, ಅಪ್ಪನ್ನ ಕರೀರಿ" ಎಂದ. ಇವರನ್ನು ಹುಡುಕಿ ಕರೆತರುವಷ್ಟು ಹೊತ್ತೂ ಫೋನ್ ಇಡಲಿಲ್ಲ. ರಿಸೀವರಿನಿಂದ ಅವನ ಮಾತು ನನಗೂ ಕೇಳುತ್ತಿತ್ತು.

"ಅಪ್ಪಾ, ನನ್ನ ಪಕ್ಕದ ಕುರ್ಚೀಲಿ ಕೂರೋನು ಸತ್ತ. ಬೆಳಗ್ಗೆ ಜೊತೇಲಿ ಚಹಾ ಕುಡಿದು ಹೋಗಿದ್ವಿ. ನನ್ನ ಕೈ ಹಿಡ್ಕೊಂಡಿದ್ದ ಅಪ್ಪಾ. ಇನ್ನೂ ಐದು ವರ್ಷ ಇವರೇ ಇದ್ರೆ ಯಾರೂ ಉಳಿಯಲ್ಲ. ನೀವೊಬ್ರು ಆ ಕಡೆ ಹೇಳಿದ್ರೆ ಸಾಕು. ಒಂದೇ ಒಂದು ಮಾತು ಅಪ್ಪಾ, ನಿಮ್ಮ ಕಾಲು ಹಿಡ್ಕೋತೀನಿ."

ಇವರು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡರು. ಕೊನೆಗೆ, "ಕೇಳಿ ಹೇಳ್ತೀನಿ" ಎಂದರು.

"ಯಾರನ್ನ ಕೇಳ್ತೀರಿ?"

"ಕಳಿಸಿದೋರನ್ನ."

ಮಾರನೆಯ ದಿನವೇ ಜೀಪಿನಲ್ಲಿ ಲಸಿಕೆಯ ಡಬ್ಬಿ ಇಟ್ಟುಕೊಂಡು ಹೊರಟರು. ನಾನು ರಜೆ ಹಾಕಿ ಜೊತೆಗೆ ಹೋದೆ. ಕೊಟ್ಟಿಗೆ ಕೊಟ್ಟಿಗೆಗೆ ಹೋಗಿ, ಕುರಿಯನ್ನೋ ಕರುವನ್ನೋ ನೋಡಿ, ಕೈ ತೊಳೆಯುತ್ತ ಕೇಳುತ್ತಿದ್ದರು: "ನಾನು ಅಧ್ಯಕ್ಷರ ಹೆಸರು ಬಿಟ್ಟು ಆ ವಕೀಲರ ಹೆಸರು ಹೇಳಿದ್ರೆ ನೀವೇನಂತೀರಿ?" ಯಾರೂ ಕೂಗಾಡಲಿಲ್ಲ, ನಮ್ಮ ಬೆಟ್ಟದವರಿಗೆ ಕೂಗಾಡಿ ಅಭ್ಯಾಸವಿಲ್ಲ. ಒಬ್ಬ ಮುದುಕ ಮಾತ್ರ, "ತಿರುಗಿಸಿಬಿಡಿ ಡಾಕ್ಟ್ರೇ, ನನ್ನ ಮೊಮ್ಮಗಳು ಅಲ್ಲೇ ಓದ್ತಿದಾಳೆ" ಎಂದ. ಉಳಿದವರೆಲ್ಲ ಬೇಡವೆಂದರು. ಪಕ್ಕದ ಮನೆಯ ಹಾಲಿನವರು ಇವರ ಮುಖವನ್ನೇ ನೋಡಿ ಹೇಳಿದರು: "ಪಟ್ಟಣದಲ್ಲಿ ಜನ ಸತ್ತಿದ್ದು ನಂಗೂ ಸಂಕಟ. ಆದ್ರೆ ನಮ್ಮ ಹತ್ರ ಇರೋದು ಅದೊಂದೇ ಮತ. ಅದನ್ನೂ ಅವರಿಗೇ ಕೊಟ್ಟುಬಿಟ್ರೆ ನಾಳೆ ನಮ್ಮನ್ನ ಯಾರು ಕೇಳ್ತಾರೆ?"

ಮೇಲಿನ ಹುಲ್ಲುಗಾವಲಿನಲ್ಲಿ ಒಬ್ಬ ಅಜ್ಜಿ ಇದ್ದಾಳೆ. ಗಂಡ, ಮಕ್ಕಳು ಯಾರೂ ಇಲ್ಲ, ಮುನ್ನೂರು ಕುರಿಗಳನ್ನು ಒಬ್ಬಳೇ ಮೇಯಿಸುತ್ತಾಳೆ. ಅವಳು ಉಣ್ಣೆಯ ಕಂತೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು.

"ಡಾಕ್ಟ್ರೇ, ನೀವು ಅಲ್ಲಿಗೆ ಹೋಗೋದು ನಮ್ಮ ಬಾಯಾಗಿ. ನನ್ನ ಬಾಯಿ ನನ್ನ ಕೇಳದೆ ಬೇರೇನೋ ಮಾತಾಡಿದ್ರೆ ಜನ ನನಗೆ ಹುಚ್ಚು ಹಿಡೀತು ಅಂತಾರೆ."

"ಕೇಳೋಕೇ ಬಂದಿದೀನಲ್ಲಜ್ಜಿ."

"ಕೇಳಿದ್ರಿ, ಬೇಡ ಅಂದೆ. ಇನ್ನು ನಿಮ್ಮ ದೇವರು ನಿಮ್ಮ ಜೊತೆ."

ಇಳಿಯುವ ದಾರಿಯಲ್ಲಿ ಇವರು ಜೀಪು ನಿಲ್ಲಿಸಿ ಸ್ಟೀರಿಂಗಿನ ಮೇಲೆ ಹಣೆಯಿಟ್ಟರು. "ಏನೇ, ಇವರು ಹೇಳೋದೂ ಸರಿ, ಅವನು ಹೇಳೋದೂ ಸರಿ. ಎರಡೂ ಸರಿ ಇರೋ ಕಡೆ ನನ್ನ ಯಾಕೆ ನಿಲ್ಲಿಸಿದ್ರು?"

"ನನ್ನಿಂದ ಆಗಲ್ಲ ಅಂತ ರಾಜೀನಾಮೆ ಕೊಟ್ಟುಬಿಡಿ" ಎಂದೆ. ನಿಜ ಹೇಳುತ್ತೇನೆ, ನನಗೆ ಮನೆ ಉಳಿದರೆ ಸಾಕಾಗಿತ್ತು.

"ನಾನು ಬಿಟ್ರೆ ಕಬ್ಬಿಣದಂಗಡಿಯವರು ಹೋಗ್ತಾರೆ. ಅವರ ಹೆಸರು ಬದಲಿಯಾಗಿ ಇಟ್ಟಿದಾರೆ. ಅವರು ಅಧ್ಯಕ್ಷರ ಹೆಸರೇ ಹೇಳ್ತಾರೆ. ನಾನು ಕೈ ತೊಳ್ಕೊಂಡ ಹಾಗಾಗುತ್ತೆ, ಅಷ್ಟೇ."

ಆಮೇಲೆ ಆ ವಿಷಯ ಎತ್ತಲಿಲ್ಲ. ರಾಜಧಾನಿಗೆ ಹೊರಡುವ ದಿನದವರೆಗೂ ಏನು ಹೇಳುತ್ತೀರಿ ಎಂದು ನಾನೂ ಕೇಳಲಿಲ್ಲ. ಕೇಳಿದರೆ ತೀರ್ಮಾನವಾಗಿಬಿಡುತ್ತದೆ ಎಂಬ ಭಯ ನನಗೆ. ರೈಲಿನಲ್ಲಿ ಕಬ್ಬಿಣದಂಗಡಿಯವರೂ ನಮ್ಮ ಬೋಗಿಯಲ್ಲೇ ಇದ್ದರು. "ನಾನೂ ಸಭೆ ನೋಡೋಣ ಅಂತ" ಎಂದರು. ದಾರಿಯುದ್ದಕ್ಕೂ ಅವರೇ ಚಹಾ ಕೊಡಿಸಿದರು. ನನಗೆ ಹಾಳಾದ ಬುದ್ಧಿ, ಎಷ್ಟು ಒಳ್ಳೆಯವರು ಎಂದುಕೊಂಡೆ.

ಸಭಾಂಗಣ ನಾನೆಣಿಸಿದಷ್ಟು ದೊಡ್ಡದಾಗಿರಲಿಲ್ಲ. ಪ್ರೇಕ್ಷಕರನ್ನು ಮೇಲಿನ ಮೊಗಸಾಲೆಯಲ್ಲಿ ಕೂರಿಸಿದ್ದರು. ಕೆಳಗೆ ಆಯ್ಕೆದಾರರು ಹೊಸ ಬಟ್ಟೆಯಲ್ಲಿ ಮೈ ಬಿಗಿಹಿಡಿದು ಕೂತಿದ್ದರು. ಒಬ್ಬರು ಕೆಮ್ಮಿದರೆ ಸಾಲಿಗೆ ಸಾಲೇ ಕೆಮ್ಮುತ್ತಿತ್ತು. ಮಂಡಳಿಯ ಕಾರ್ಯದರ್ಶಿ ಜಿಲ್ಲೆಯ ಹೆಸರು ಕೂಗುವುದು, ಅವರು ಏಳುವುದು, ಒಂದು ಹೆಸರು ಹೇಳುವುದು, ಕೂರುವುದು. ನಮ್ಮ ಜಿಲ್ಲೆಯ ಹೆಸರು ಬಂತು. ಇವರು ಎದ್ದರು. ತಲೆಗೂದಲನ್ನು ನೀರು ಹಚ್ಚಿ ಬಾಚಿಕೊಂಡಿದ್ದರು, ಶಾಲೆಗೆ ಹೊರಟವರ ಹಾಗೆ.

"ನನ್ನ ಜಿಲ್ಲೆಯ ಜನ ಕೇಳಿದ್ದು ಅಧ್ಯಕ್ಷರನ್ನ" ಎಂದರು. "ಅವರ ಮನೆಗಳಿಗೆ ಹೋಗಿ ಇನ್ನೊಮ್ಮೆ ಕೇಳಿದೆ, ಆಗಲೂ ಅದನ್ನೇ ಹೇಳಿದ್ರು. ಅವರಿಗೆ ನಾನು ಸುಳ್ಳು ಹೇಳೋದಿಲ್ಲ, ಅವರ ಮಾತು ಮೀರ್ತಾ ಇದೀನಿ. ದೇಶದಲ್ಲಿ ಹೆಚ್ಚು ಜನ ಕೇಳಿದ್ದು ವಕೀಲರನ್ನ. ಹಾಗೆ ಕೇಳಿದ್ದಕ್ಕೆ ಜನರನ್ನ ಕೊಂದಿದಾರೆ. ನನ್ನ ಮತ ವಕೀಲರಿಗೆ."

ಸಭಾಪತಿಗಳು ಕನ್ನಡಕ ತೆಗೆದು, "ಇನ್ನೊಮ್ಮೆ ಹೇಳಿ" ಎಂದರು. ಇವರು ಇನ್ನೊಮ್ಮೆ ಹೇಳಿದರು. ನನ್ನ ಹಿಂದೆ ಯಾರೋ ಒಬ್ಬಳು ಚಪ್ಪಾಳೆ ತಟ್ಟಿದಳು. ಅವಳನ್ನು ಎಳೆದುಕೊಂಡು ಹೋದ ಸದ್ದು ಕೇಳಿತೇ ಹೊರತು ನಾನು ತಿರುಗಿ ನೋಡಲಿಲ್ಲ. ನನ್ನ ಕಣ್ಣು ಇವರ ಮೇಲೇ ಇತ್ತು. ಇವರು ಕೂತು, ಎರಡು ಕೈಗಳನ್ನೂ ಮಂಡಿಯ ಮೇಲೆ ಇಟ್ಟುಕೊಂಡರು. ಕಷ್ಟದ ಹೆರಿಗೆ ಮುಗಿಸಿದ ಮೇಲೆ ಕೊಟ್ಟಿಗೆಯಲ್ಲಿ ಹಾಗೆಯೇ ಕೂರುತ್ತಾರೆ.

ಆ ಒಂದು ಗಳಿಗೆ, ಗುಬ್ಬಿ, ವಕೀಲೆ ಗೆದ್ದಿದ್ದಳು.

ಸಭೆಯನ್ನು ತಡೆದರು. ಎರಡು ಗಂಟೆ ಕಳೆದ ಮೇಲೆ ಸಭಾಪತಿಗಳು ಬಂದು ಒಂದು ತೀರ್ಪು ಓದಿದರು. ಜಿಲ್ಲೆಯ ಆದೇಶಕ್ಕೆ ವಿರುದ್ಧವಾಗಿ ಹೇಳಿದ ಮತ ಅಸಿಂಧು, ಆ ಆಯ್ಕೆದಾರನ ಸ್ಥಾನ ತೆರವಾಯಿತು, ಬದಲಿ ಸದಸ್ಯರು ಮುಂದೆ ಬರಬೇಕು ಎಂದು. ಬದಲಿ ಸದಸ್ಯರು ಮೊಗಸಾಲೆಯ ಮೊದಲ ಸಾಲಿನಲ್ಲೇ ಕೂತಿದ್ದರು. ಕಬ್ಬಿಣದಂಗಡಿಯವರು ನನ್ನ ಪಕ್ಕದಿಂದ ಎದ್ದು, ನನ್ನ ಮುಖ ನೋಡದೆ ಮೆಟ್ಟಿಲಿಳಿದು ಹೋದರು. ಅಧ್ಯಕ್ಷರ ಹೆಸರು ಹೇಳಿದರು. ಮುಗಿಯಿತು.

ಇವರನ್ನು ಪಕ್ಕದ ಬಾಗಿಲಿನಿಂದ ಕರೆದೊಯ್ದರು.

ಬೇಸಿಗೆಯೆಲ್ಲ ಒಳಗಿಟ್ಟಿದ್ದರು. ವಾರಕ್ಕೊಮ್ಮೆ ರೈಲು ಹತ್ತಿ ಹೋಗಿ ಒಗೆದ ಬಟ್ಟೆಯ ಚೀಲ ಕಿಟಕಿಯಲ್ಲಿ ಕೊಡುತ್ತಿದ್ದೆ. ಕೊಳೆಬಟ್ಟೆಯ ಚೀಲ ಹೊರಗೆ ಬರುತ್ತಿತ್ತು. ಮುಖ ತೋರಿಸುತ್ತಿರಲಿಲ್ಲ. ಬಟ್ಟೆ ನೋಡಿಯೇ ಇವರ ಸ್ಥಿತಿ ಊಹಿಸಬೇಕಿತ್ತು. ಕೊನೆಗೊಂದು ದಿನ ಕಾರಣ ಹೇಳದೆ ಹಿಡಿದಿಟ್ಟವರು ಕಾರಣ ಹೇಳದೆಯೇ ಬಿಟ್ಟರು. ಬಲಗೈಯ ಎರಡು ಬೆರಳು ಮಡಿಸಲು ಬರುವುದಿಲ್ಲ. ಏನಾಯಿತು ಎಂದರೆ "ಬಾಗಿಲಿಗೆ ಸಿಕ್ತು" ಎನ್ನುತ್ತಾರೆ. ನಾನು ನರ್ಸು ಕಣೇ. ಬಾಗಿಲಿಗೆ ಸಿಕ್ಕ ಬೆರಳು ಹೇಗಿರುತ್ತದೆ ಎಂದು ನನಗೆ ಗೊತ್ತು.

ಊರಿಗೆ ಬಂದೆವು. ಕಲ್ಲು ಹೊಡೆಯುತ್ತಾರೆ ಎಂದುಕೊಂಡಿದ್ದೆ, ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು. ಯಾರೂ ಏನೂ ಮಾಡಲಿಲ್ಲ. ಬೀದಿಯಲ್ಲಿ ಎದುರಾದರೆ ಅಂಗಡಿಯ ಬೋರ್ಡು ಓದುತ್ತ ನಿಲ್ಲುತ್ತಾರೆ. ಕ್ಷೌರದಂಗಡಿಯವನು ಖಾಲಿ ಕುರ್ಚಿ ಇಟ್ಟುಕೊಂಡೇ "ಇವತ್ತು ಆಗಲ್ಲ ಡಾಕ್ಟ್ರೇ" ಎನ್ನುತ್ತಾನೆ. ಇವರ ಪರವಾನಗಿಯನ್ನು ಸರ್ಕಾರ ಕಿತ್ತುಕೊಂಡಿತು. ಆದರೂ ಕದ್ದುಮುಚ್ಚಿ ಕರೆಯಬಹುದಿತ್ತಲ್ಲ, ಒಬ್ಬರೂ ಕರೆಯಲಿಲ್ಲ. ನನ್ನನ್ನು ಹೆರಿಗೆ ವಾರ್ಡಿನಿಂದ ತೆಗೆದು ಉಗ್ರಾಣಕ್ಕೆ ಹಾಕಿದ್ದಾರೆ. ಹತ್ತಿ, ಬ್ಯಾಂಡೇಜು, ಫಿನಾಯಿಲ್. ಅವುಗಳಿಗೆ ಮಾತು ಬರುವುದಿಲ್ಲ, ಒಂದು ರೀತಿ ನೆಮ್ಮದಿ.

ಹೋದ ತಿಂಗಳು ಒಂದು ಬೆಳಗ್ಗೆ ಪಕ್ಕದ ಹಾಲಿನವರ ಹಸು ಕರು ಹಾಕಲಾರದೆ ಅರಚುತ್ತಿತ್ತು. ಆ ದನಿ ಕೇಳಿದ ಮೇಲೆ ಇವರು ಕುರ್ಚಿಯಲ್ಲಿ ಕೂರಲಿಲ್ಲ. ಬೇಲಿಯವರೆಗೆ ಹೋಗುವುದು, ತಿರುಗಿ ಬರುವುದು. "ಕಾಲು ಹಿಂದಕ್ಕೆ ಮಡಿಸ್ಕೊಂಡಿದೆ ಕಣೇ, ದನೀಲೇ ಗೊತ್ತಾಗುತ್ತೆ. ಒಳಗೆ ಕೈ ಹಾಕಿ ತಿರುಗಿಸಿದ್ರೆ ಕಾಲು ಗಂಟೆ ಕೆಲಸ." ಕೊನೆಗೆ ತಡೆಯಲಾರದೆ ಅಂಗಿಯ ತೋಳು ಮಡಿಸಿಕೊಂಡು ಅವರ ಗೇಟಿಗೆ ಹೋದರು. ನಾನು ಹಿಂದೆಯೇ ಓಡಿದೆ.

ಹಾಲಿನವರು ಗೇಟಿನ ಹತ್ತಿರವೇ ನಿಂತಿದ್ದರು. ಅಳುತ್ತಿದ್ದರು ಗುಬ್ಬಿ, ಆ ಗಟ್ಟಿ ಆಸಾಮಿ ಅಳುತ್ತಿದ್ದರು. ಆದರೂ ಗೇಟು ತೆರೆಯಲಿಲ್ಲ.

"ಬೇಡ ಡಾಕ್ಟ್ರೇ."

"ಹಸು ಸಾಯುತ್ತೆ ಮಾರಾಯ."

"ಸಾಯ್ಲಿ. ನಿಮ್ಮ ಕೈಗೆ ಒಂದು ಸಲ ಕೊಟ್ಟೆ ನಾನು, ಇನ್ನೊಂದು ಸಲ ಕೊಡಲ್ಲ."

ಇವರು ಗೇಟು ಹಿಡಿದುಕೊಂಡು, "ನನ್ನ ಬೆರಳು ಆಗಲ್ಲ, ನೀನೇ ಕೈ ಹಾಕು, ಹೇಗೆ ಅಂತ ಇಲ್ಲಿಂದಲೇ ಹೇಳ್ತೀನಿ" ಎಂದರು. ಅವರು ತಲೆಯಾಡಿಸಿ ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಸದ್ದು ನಿಂತಿತು. ಕರುವೂ ಉಳಿಯಲಿಲ್ಲ. ಇವರು ಅಂಗಳದಲ್ಲಿ ಬಕೀಟಿನ ಮುಂದೆ ಕೂತು ಸಾಬೂನು ಹಚ್ಚಿ ಮೊಣಕೈವರೆಗೂ ತೊಳೆದುಕೊಂಡರು. ಹಸುವನ್ನು ಮುಟ್ಟಿರಲೇ ಇಲ್ಲ. ಆದರೂ ತೊಳೆದರು, ನಾನು ತಡೆಯಲಿಲ್ಲ.

ಇವರು ಮಾಡಿದ್ದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳಬೇಡ. ಒಂದು ದಿನ ಒಂದು ಹೇಳುತ್ತದೆ ಮನಸ್ಸು, ಮರುದಿನ ಇನ್ನೊಂದು. ಹಾಲಿನವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಅವರು ತಮ್ಮ ಮಾತನ್ನು ನಂಬಿ ಕೊಟ್ಟಿದ್ದರು, ಅದು ಬೇರೆ ಮಾತಾಗಿ ಹೊರಗೆ ಬಂತು. ನನಗೆ ಸಿಟ್ಟಿರುವುದು ಈ ಏರ್ಪಾಟಿನ ಮೇಲೆ. ಸೇತುವೆ ಸಿಕ್ಕಿತೆಂದು ನಾನೂ ಇದನ್ನು ಇಷ್ಟು ವರ್ಷ ಒಳ್ಳೆಯದೆಂದುಕೊಂಡಿದ್ದೆ. ಆ ಅಜ್ಜಿಯ ಮಾತನ್ನು ಅಜ್ಜಿಯೇ ಹೇಳಿದ್ದರೆ, ನನ್ನ ಮಗನ ಮಾತನ್ನು ಅವನೇ ಹೇಳಿದ್ದರೆ, ಎಲ್ಲ ಮಾತನ್ನೂ ಒಂದೇ ಕಡೆ ಎಣಿಸಿದ್ದರೆ, ನಾವು ಸೋಲುತ್ತಿದ್ದೆವು. ಬೆಟ್ಟ ಸೋಲುತ್ತಿತ್ತು. ಸೋತು, ಗೊಣಗಿಕೊಂಡು, ಕುರಿ ಮೇಯಿಸಿಕೊಂಡು ಇರುತ್ತಿದ್ದೆವು. ಸಾವಿರಾರು ಜನರ ನಾಲಿಗೆಯನ್ನು ಕಿತ್ತು ಒಬ್ಬ ದನದ ಡಾಕ್ಟರ ಬಾಯಿಗೆ ತುರುಕಿ, ಈಗ ಮಾತಾಡು ಎನ್ನುವುದು ಯಾವ ನ್ಯಾಯ? ಇವರು ಯಾವ ಹೆಸರು ಹೇಳಿದ್ದರೂ ಯಾರಿಗೋ ದ್ರೋಹವೇ ಆಗುತ್ತಿತ್ತು.

ಒಬ್ಬಳು ಬಂದಳು, ಅದನ್ನು ಬರೆಯದಿದ್ದರೆ ತಪ್ಪಾಗುತ್ತದೆ. ಹುಲ್ಲುಗಾವಲಿನ ಆ ಅಜ್ಜಿ. ಸಂತೆಯ ದಿನ, ಎಲ್ಲರೂ ನೋಡುತ್ತಿರುವಾಗ ನಮ್ಮ ಮೆಟ್ಟಿಲ ಮೇಲೆ ಬಂದು ಕೂತಳು. "ನೀವು ನನ್ನ ಮಾತು ಮುರಿದ್ರಿ. ಅದನ್ನ ನಾನು ಸಾಯೋವರೆಗೂ ಮರೆಯಲ್ಲ" ಎಂದಳು. ಇವರ ಬಲಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಆ ಎರಡು ಬೆರಳಿಗೆ ಕುರಿಯ ಉಣ್ಣೆಯಿಂದ ತೆಗೆದ ಎಣ್ಣೆ ಹಚ್ಚಿ ತಿಕ್ಕಿದಳು. ಎದ್ದು ಹೋದಳು.

ನಿನ್ನ ಮಗಳಿಗೆ ಕೆಲಸ ಸಿಕ್ಕಿದ್ದು ಕೇಳಿ ಸಂತೋಷವಾಯಿತು. ನಿನ್ನ ಕೈಗೆ ಹುಟ್ಟಿದ ನನ್ನ ಮಗನ ಬಗ್ಗೆ ಕೇಳಿದ್ದೀಯ. ಚೆನ್ನಾಗಿದ್ದಾನೆ. ಅದೇ ಬಂದರಿನ ಕೆಲಸದಲ್ಲಿದ್ದಾನೆ. ನಿನ್ನ ಮನೆಯವರೆಲ್ಲರೂ ತಣ್ಣಗಿರಲಿ. ನಿಮ್ಮ ಬೀದಿಗಳಲ್ಲಿ ಅಂಗಡಿಗಳು ತೆರೆದೇ ಇರಲಿ. ನಿಮ್ಮ ಮಾತನ್ನು ನೀವೇ ಆಡುವ ಭಾಗ್ಯ ನಿಮ್ಮ ಮಕ್ಕಳಿಗೂ ಉಳಿಯಲಿ.

ನಿನ್ನ
ಮೊಂಡಿ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮಗ ಚೆನ್ನಾಗಿದ್ದಾನೆ ಎಂದು ಬರೆದದ್ದು ಸುಳ್ಳಲ್ಲ, ಆದರೆ ಅದು ನನಗೆ ಗೊತ್ತಾದದ್ದು ಪತ್ರಿಕೆಯಿಂದ. ಇವರು ಒಳಗಿದ್ದಾಗ ಅವನು ಬಂದರಿನ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕೊಟ್ಟ. "ಜಿಲ್ಲೆಯ ಜನತೆಗೆ ದ್ರೋಹ ಬಗೆದ ಈ ವ್ಯಕ್ತಿಗೂ ನನಗೂ ಇನ್ನು ಮುಂದೆ ಯಾವ ಸಂಬಂಧವೂ ಇರುವುದಿಲ್ಲ." ಕೆಳಗೆ ಅವನ ಹೆಸರು, ಹುದ್ದೆ. ಕಾಲು ಹಿಡ್ಕೋತೀನಿ ಎಂದಿದ್ದ ಮಗನೇ. ಇಂಥ ಪ್ರಕಟಣೆಗೆ ಸಹಿ ಹಾಕದ ಸರ್ಕಾರಿ ನೌಕರರನ್ನು ಮನೆಗೆ ಕಳಿಸುತ್ತಿದ್ದರಂತೆ, ಕೆಲವರನ್ನು ಮನೆಗೂ ಅಲ್ಲ. ಇವರಿಗೆ ಗೊತ್ತಾಗದಿರಲಿ ಎಂದು ಹಾಳೆಯನ್ನು ಒಲೆಗೆ ಹಾಕಿದ್ದೆ. ಬಿಡುಗಡೆಯಾಗಿ ಬಂದ ದಿನ ನೋಡಿದರೆ, ಯಾರೋ ಅದರ ಇನ್ನೊಂದು ಪ್ರತಿಯನ್ನು ನಮ್ಮ ಬಾಗಿಲಿಗೇ ಅಂಟಿಸಿದ್ದರು. ಇವರು ನಿಂತು ಪೂರ್ತಿ ಓದಿದರು. "ಒಳ್ಳೇದು ಮಾಡಿದ. ಮಾಡದೇ ಇದ್ದಿದ್ರೆ ನಾನೇ ಬೈತಿದ್ದೆ" ಎಂದರು. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಅವನಾಗಲಿ ಸೊಸೆಯಾಗಲಿ ಮತ್ತೆ ಒಂದು ಅಕ್ಷರ ಬರೆದಿಲ್ಲ. ನಾವು ಬರೆದರೆ ಅವನಿಗೇ ಕುತ್ತು.

ಸೊಸೆಗೆ ಆಗ ಆರು ತಿಂಗಳಾಗಿತ್ತು, ಗುಬ್ಬಿ. ಈಗ ಮಗು ಹುಟ್ಟಿರಬೇಕು. ಸಾವಿರ ಜನರ ಕೂಸನ್ನು ಎತ್ತಿ ಹಿಡಿದು ಗಂಡು, ಹೆಣ್ಣು ಎಂದು ಕೂಗಿ ಹೇಳಿದವಳು ನಾನು. ನನ್ನ ಮೊಮ್ಮಗು ಯಾವುದೆಂದು ನನಗೆ ಗೊತ್ತಿಲ್ಲ. ನೀನು ಹೊರದೇಶದವಳು, ನಿನ್ನ ಹೆಸರು ಹಾಕದೆ ಬರೆದರೆ ಪತ್ರವನ್ನು ಯಾರೂ ನಮಗೆ ತಳುಕು ಹಾಕುವುದಿಲ್ಲ. ಅವನಿಗೆ ನಾಲ್ಕು ಸಾಲು ಬರಿ. ನಮ್ಮ ಮಾತು ಎತ್ತಬೇಡ, ತಪ್ಪು ಹೊರಿಸಬೇಡ. ಗಂಡೋ ಹೆಣ್ಣೋ, ಅಷ್ಟು ಮಾತ್ರ ಕೇಳು.

ಇವರು ಆ ಸುದ್ದಿಯನ್ನೇ ಎತ್ತುವುದಿಲ್ಲ. ನಿನ್ನೆ ಮಾತ್ರ, ಊಟದ ಮಧ್ಯೆ ಕೈ ನಿಲ್ಲಿಸಿ, "ಹೆರಿಗೆ ಸುಸೂತ್ರ ಆಗಿರುತ್ತೆ, ಅಲ್ವೇನೇ?" ಎಂದರು.

"ಆಗಿರುತ್ತೆ" ಎಂದೆ.